ಮಾರ್ಚ್ ತಿಂಗಳ ಸೊನ್ನೆಗಳು: ಮಡಿಕೇರಿಯ ಹಿತ್ತಲಲ್ಲೊಂದು ಹವಾಮಾನ ಪೆಟ್ಟಿಗೆ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುವುದು ಹೊಸ ವಿಷಯವಲ್ಲ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು ಇಲ್ಲಿನ ಹಳೆಯ ರೂಢಿ. ಇಂದಿಗೂ ಇಬ್ಬರು ಬೆಳೆಗಾರರು ಎದುರಾದರೆ ಕುಶಲ ವಿಚಾರಿಸುವ ಮೊದಲು “ನಿಮ್ಮಲ್ಲಿ ಎಷ್ಟು ಬಂತು?” ಎಂದು ಕೇಳುತ್ತಾರೆ. “ಎಂಬತ್ತು ಸೆಂಟ್” ಎಂದು ಉತ್ತರ ಬರುತ್ತದೆ. ಒಂದು ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು, 0.254 ಮಿಲಿಮೀಟರ್.

ಅಜ್ಜ ಬರೆದಿಟ್ಟ ಪುಸ್ತಕವೂ ಅಂಥದ್ದೇ. ಜೂನ್, ಜುಲೈ, ಆಗಸ್ಟ್ ಪುಟಗಳಲ್ಲಿ ಅಂಕಿಗಳು ಅಂಚಿನವರೆಗೂ ತುಂಬಿವೆ. ಮಾರ್ಚ್ ಪುಟಗಳು ಬಹುಪಾಲು ಖಾಲಿ. ಅಂದು ಮಳೆ ಬರಲಿಲ್ಲವೋ ಅಥವಾ ಅಂದು ಯಾರೂ ನೋಡಲಿಲ್ಲವೋ, ಖಾಲಿ ಜಾಗ ಹೇಳುವುದಿಲ್ಲ. ಹಗಲು ಎಷ್ಟು ಸೆಕೆಯಿತ್ತು, ರಾತ್ರಿ ಎಷ್ಟು ತಣಿಯಿತು, ಗಾಳಿ ಎಷ್ಟು ಒಣಗಿತ್ತು ಎಂಬುದಂತೂ ಎಲ್ಲಿಯೂ ಇಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಕಾಣುವ ಊರಿನವರು ನಾವು. ಮಳೆಯನ್ನು ಅಳೆದಷ್ಟು ಶ್ರದ್ಧೆಯಿಂದ ಮಳೆಯಿಲ್ಲದ ತಿಂಗಳನ್ನು ಅಳೆದಿಲ್ಲ. ಒಣ ತಿಂಗಳಿಗೂ ಅದರದೇ ದಾಖಲೆ ಬೇಕು, ಅದೂ ನಂಬಬಹುದಾದ ದಾಖಲೆ ಬೇಕು ಎಂಬ ಹಟದಿಂದ ಮಾಡಿದ ಕೆಲಸದ ವಿವರ ಇಲ್ಲಿದೆ.

ಆ ಹಟ ಹುಟ್ಟಿದ್ದು 2024ರ ಬೇಸಿಗೆಯಲ್ಲಿ. ಅದರ ಹಿಂದಿನ ವರ್ಷ ಎಲ್ ನಿನೊ ಬಂದು ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. 2024ರ ಏಪ್ರಿಲ್ ತಿಂಗಳಿಡೀ ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ ಅಳೆಯುವಷ್ಟು ಮಳೆ ಬೀಳಲಿಲ್ಲ. ತಿಂಗಳ ಕೊನೆಯಲ್ಲಿ ಉಷ್ಣಾಂಶ 38 ಡಿಗ್ರಿ ದಾಟಿತು. ಬೆಂಗಳೂರಿನ ಆ ಸೊನ್ನೆ ಪತ್ರಿಕೆಗಳಲ್ಲಿ ಬಂತು, ಚರ್ಚೆಯಾಯಿತು, ಏಕೆಂದರೆ ಅದನ್ನು ದಿನವೂ ಬರೆದಿಟ್ಟವರಿದ್ದರು. ಅದೇ ಬೇಸಿಗೆಯಲ್ಲಿ ಕುಶಾಲನಗರದ ಬಳಿ ಕಾವೇರಿಯ ಬಂಡೆಗಳು ಮೇಲೆದ್ದು ನಿಂತಿದ್ದವು. ಆದರೆ ನಮ್ಮ ಬೀದಿಯಲ್ಲಿ ಎಷ್ಟು ಬಿಸಿಯಿತ್ತು ಎಂದು ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಅಂಕಿ ಹೇಳುತ್ತಿದ್ದರು, ಅದೂ ಮೊಬೈಲ್ ನೋಡಿ.

ಮೊಬೈಲ್ ತೋರಿಸುವ ಅಂಕಿ ನಮ್ಮ ಅಂಗಳದ್ದಲ್ಲ. ಅದು ಬಹುಮಟ್ಟಿಗೆ ದೊಡ್ಡ ಪ್ರದೇಶವೊಂದಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು. ಬಯಲುಸೀಮೆಯಲ್ಲಿ ಆ ಅಂದಾಜು ನಡೆಯುತ್ತದೆ. ಕೊಡಗಿನಲ್ಲಿ ಅದು ಸೋಲುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರ ಸುಮಾರು 300 ಮೀಟರ್ ಕೆಳಗಿದೆ. ಎತ್ತರದ ವ್ಯತ್ಯಾಸ ಒಂದರಿಂದಲೇ ಸುಮಾರು ಎರಡು ಡಿಗ್ರಿ ಬದಲಾಗಬೇಕು.

ಎರಡು ಡಿಗ್ರಿ ಸಣ್ಣ ಸಂಗತಿಯಲ್ಲ. ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಕರೆಯುವುದಕ್ಕೆ ಬಯಲಿನಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಬೆಟ್ಟಸೀಮೆಗೆ ಆ ಗೆರೆ 30 ಡಿಗ್ರಿ. ಅದರ ಜೊತೆಗೆ ಆ ದಿನಕ್ಕೆ ವಾಡಿಕೆಯಾದ ಉಷ್ಣಾಂಶಕ್ಕಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆ ಏನೆಂದು ತಿಳಿಯದವರಿಗೆ ಹೆಚ್ಚಾದದ್ದು ಎಷ್ಟೆಂದು ತಿಳಿಯುವ ದಾರಿಯಿಲ್ಲ.

ತಾಮ್ರದ ಮಳೆಮಾಪಕ

ಮೊದಲು ಕೈಗೆತ್ತಿಕೊಂಡದ್ದು ಅಟ್ಟದ ಮೇಲಿದ್ದ ಅಜ್ಜನ ಮಳೆಮಾಪಕವನ್ನು. ಬಾಯಿ ಐದು ಇಂಚು ಅಗಲದ, ಸೈಮನ್ಸ್ ಮಾದರಿಯ ತಾಮ್ರದ ಕೊಳವೆ. ಮೇಲೆ ಹಿತ್ತಾಳೆಯ ಅಂಚು, ಒಳಗೆ ಆಲಿಕೆ, ಅದರ ಕೆಳಗೆ ನೀರು ಶೇಖರವಾಗುವ ಬಾಟಲಿ. ಆಲಿಕೆಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಅಂಚು ಜಜ್ಜಿತ್ತು, ಅಳತೆಯ ಗಾಜು ಒಡೆದುಹೋಗಿತ್ತು.

ಬಾಯಿ ಅಂಡಾಕಾರವಾಗಿ ಕಾಣುತ್ತಿತ್ತು. ಅಳೆದರೆ ಉದ್ದಕ್ಕೆ 13.2, ಅಡ್ಡಕ್ಕೆ 12.2 ಸೆಂಟಿಮೀಟರ್. ಮೂಲ ವ್ಯಾಸ 12.7. ಮೂಲ ವಿಸ್ತೀರ್ಣ 126.7 ಚದರ ಸೆಂಟಿಮೀಟರ್ ಆದರೆ ಅಂಡಾಕಾರದ್ದು 126.5. ಅಂದರೆ ಬಾಯಿ ಇಷ್ಟು ಸೊಟ್ಟಗಾದರೂ ಹಿಡಿಯುವ ಮಳೆಯಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಹಳೆಯ ಮಾಪಕ ಸೊಟ್ಟಗಾಯಿತೆಂದು ಗುಜರಿಗೆ ಹಾಕಲು ಹೊರಟವರಿಗೆ ಈ ಲೆಕ್ಕ ಹೇಳಬೇಕೆನಿಸುತ್ತದೆ. ನಿಜವಾಗಿ ಕೆಡಿಸುವುದು ಒಳಮಡಚಿದ ಅಂಚು ಮತ್ತು ಓರೆಯಾಗಿ ನಿಂತ ಬಾಯಿ. ಅಂಚು ಚೂಪಾಗಿ ನೇರ ನಿಂತಿದ್ದರೆ ಮಾತ್ರ ಅದರ ಮೇಲೆ ಬಿದ್ದ ಹನಿ ಒಳಕ್ಕೋ ಹೊರಕ್ಕೋ ನ್ಯಾಯವಾಗಿ ಹಂಚಿಹೋಗುತ್ತದೆ. ದುಂಡನೆಯ ಮರದ ಕೊರಡನ್ನು ಒಳಗೆ ಕೊಟ್ಟು, ಹೊರಗಿನಿಂದ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಅಂಚನ್ನು ಎಬ್ಬಿಸಿದೆ. ಕಬ್ಬಿಣದ ಸುತ್ತಿಗೆ ಬಳಸಿದರೆ ಹಿತ್ತಾಳೆ ಹಿಗ್ಗುತ್ತದೆ. ಆಗ ನಿಜವಾಗಿಯೂ ವಿಸ್ತೀರ್ಣ ಬದಲಾಗುತ್ತದೆ.

ಬಿಟ್ಟ ಹೊಲಿಗೆಗೆ ತವರದ ಬೆಸುಗೆ. ರೇಡಿಯೊ ರಿಪೇರಿಗೆ ಬಳಸುವ 25 ವ್ಯಾಟಿನ ಬೆಸುಗೆ ಕಡ್ಡಿ ಇಲ್ಲಿ ನಡೆಯುವುದಿಲ್ಲ. ತಾಮ್ರದ ತಗಡು ಶಾಖವನ್ನು ತಕ್ಷಣ ಸುತ್ತಲೂ ಒಯ್ದುಬಿಡುವುದರಿಂದ ತವರ ಕರಗಿ ಹರಿಯುವ ಬದಲು ಗಂಟುಗಂಟಾಗಿ ನಿಲ್ಲುತ್ತದೆ. ಪಾತ್ರೆಗಳಿಗೆ ಕಲಾಯಿ ಹಾಕುವ ಹಿರಿಯರೊಬ್ಬರಲ್ಲಿಗೆ ಒಯ್ದೆ. ಅವರು ಹುಣಸೆಹಣ್ಣು ಮತ್ತು ಮರಳಿನಿಂದ ಹೊಲಿಗೆಯ ಹಸಿರು ಕಿಲುಬನ್ನು ತಿಕ್ಕಿ ತೆಗೆದರು. ಇದ್ದಿಲಿನ ಒಲೆಯಲ್ಲಿ ಕಾಯಿಸಿದ ದಪ್ಪ ಕಡ್ಡಿಯನ್ನು ನವಸಾಗರದ ಮೇಲೆ ಉಜ್ಜಿದಾಗ ಬಿಳಿ ಹೊಗೆ ಎದ್ದಿತು. ಒಂದೇ ಎಳೆತಕ್ಕೆ ತವರ ಹೊಲಿಗೆಯ ಉದ್ದಕ್ಕೂ ಹರಿಯಿತು. “ಇದು ಮಳೆಗಾಲಕ್ಕಲ್ಲವಾ? ಈಗೇಕೆ ಅವಸರ?” ಎಂದು ಕೇಳಿದರು. ಮಳೆ ಬಾರದ್ದನ್ನು ಬರೆಯುವುದಕ್ಕೆ ಎಂದೆ. ಅವರು ಮಾಪಕವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಹಾಗಾದರೆ ಇನ್ನೂ ಗಟ್ಟಿಯಾಗಿರಬೇಕು” ಎಂದು ಹೊಲಿಗೆಯ ಮೇಲೆ ಮತ್ತೊಂದು ಪದರ ತವರ ಎಳೆದರು.

ಸೋರುತ್ತಿದೆಯೇ ಎಂದು ನೋಡಲು ನೀರು ತುಂಬಿಸಿ ರಾತ್ರಿಯಿಡೀ ದಿನಪತ್ರಿಕೆಯ ಮೇಲೆ ಇಟ್ಟೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು.

ಅಳತೆಯ ಗಾಜಿಗಾಗಿ ಹುಡುಕಾಡುವ ಅಗತ್ಯವಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವ ಸಾಮಾನ್ಯ ಅಳತೆ ಜಾಡಿ ಸಾಕು. ಐದು ಇಂಚಿನ ಬಾಯಿಗೆ ಒಂದು ಮಿಲಿಮೀಟರ್ ಮಳೆ ಎಂದರೆ 12.67 ಮಿಲಿಲೀಟರ್ ನೀರು. ಒಂದು ಸೆಂಟ್ ಎಂದರೆ ಸುಮಾರು 3.2 ಮಿಲಿಲೀಟರ್, ಒಂದು ಇಂಚು ಎಂದರೆ 322 ಮಿಲಿಲೀಟರ್. ಈ ಮೂರು ಅಂಕಿಗಳನ್ನು ಪುಸ್ತಕದ ಒಳರಟ್ಟಿಗೆ ಅಂಟಿಸಿದ್ದೇನೆ. ಬೇರೆ ಅಳತೆಯ ಬಾಯಿ ಇರುವವರು ತಮ್ಮ ಮಾಪಕದ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ತೆಗೆದು ಹತ್ತರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ ಎಷ್ಟು ಮಿಲಿಲೀಟರ್ ಎಂದು ಸಿಗುತ್ತದೆ.

ನೆಡುವಾಗ ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲಿರಬೇಕು. ಮರವೋ ಗೋಡೆಯೋ ಹತ್ತಿರವಿದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಇಳಿಜಾರಿನ ಊರಾದ ಮಡಿಕೇರಿಯಲ್ಲಿ ಅಷ್ಟು ತೆರವಾದ ಜಾಗ ಸಿಗುವುದು ಕಷ್ಟ. ನಮ್ಮ ಹಿತ್ತಲಿನ ಬೇಲಿಯಾಚೆ ಸಿಲ್ವರ್ ಓಕ್ ಸಾಲು ಇದೆ. ಕೊನೆಗೆ ತರಕಾರಿ ಪಾತಿಯ ನಡುವೆ, ಬದನೆ ಗಿಡಗಳನ್ನು ಕಿತ್ತು ಸ್ಥಳ ಮಾಡಬೇಕಾಯಿತು. ಅಮ್ಮ ಸುಮ್ಮನೆ ಒಪ್ಪಲಿಲ್ಲ. ಪಕ್ಕದ ಎರಡು ಸಾಲು ಮೆಣಸಿನ ಗಿಡಗಳಿಗೆ ದಿನವೂ ನೀರು ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಪೆಟ್ಟಿಗೆ

ಗಾಳಿಯ ಉಷ್ಣಾಂಶ ಅಳೆಯುವುದು ಸುಲಭವೆಂದು ತೋರುತ್ತದೆ. ಅದೇ ಎಲ್ಲಕ್ಕಿಂತ ಕಷ್ಟ. ಬಿಸಿಲಿಗೆ ಇಟ್ಟ ಥರ್ಮಾಮೀಟರ್ ತನ್ನದೇ ಬಿಸಿಯನ್ನು ತೋರಿಸುತ್ತದೆ, ಗಾಳಿಯದನ್ನಲ್ಲ. ಗೋಡೆಗೆ ತೂಗುಹಾಕಿದ್ದು ಗೋಡೆಯ ಬಿಸಿಯನ್ನು ಹೇಳುತ್ತದೆ. ಬಿಸಿಲು, ನೆಲದ ಝಳ, ಮಳೆ ಮೂರನ್ನೂ ತಡೆದು ಗಾಳಿಯನ್ನು ಮಾತ್ರ ಒಳಬಿಡುವ ಪೆಟ್ಟಿಗೆ ಬೇಕು. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ 1860ರ ದಶಕದಲ್ಲಿ ರೂಪಿಸಿದ ಜಾಲಂಧ್ರದ ಬಿಳಿ ಪೆಟ್ಟಿಗೆ ಇಂದಿಗೂ ಹವಾಮಾನ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಅದನ್ನೇ ಮಾಡಹೊರಟೆ.

ಗುಜರಿ ಅಂಗಡಿಯಲ್ಲಿ ಹಳೆಯ ಬಂಗಲೆಯೊಂದರ ಕಿಟಕಿ ಬಾಗಿಲುಗಳು ಸಿಕ್ಕವು, ಓರೆ ಪಟ್ಟಿಗಳಿರುವಂಥವು. ತೇಗದ ಮರ, ಬಣ್ಣ ಹೋಗಿದ್ದರೂ ಒಂದು ಪಟ್ಟಿಯೂ ಬಾಗಿರಲಿಲ್ಲ. ಒಂದು ಪದರದ ಪಟ್ಟಿ ಸಾಲದು. ಹೊರಗಿನ ಬಿಸಿಲನ್ನು ಅದು ತಡೆದರೂ ನೆಲದಿಂದ ಪ್ರತಿಫಲಿಸಿದ ಬೆಳಕು ಕೆಳಗಿನಿಂದ ಓರೆಯಾಗಿ ನುಗ್ಗುತ್ತದೆ. ಆದ್ದರಿಂದ ಎರಡು ಬಾಗಿಲುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರೆ, ಹೊರಗಿನ ಪಟ್ಟಿ ಹೊರಕ್ಕೂ ಒಳಗಿನ ಪಟ್ಟಿ ಒಳಕ್ಕೂ ಇಳಿಯುತ್ತದೆ. ಪಕ್ಕದಿಂದ ನೋಡಿದರೆ ಮನೆಯ ಮಾಡಿನ ಆಕಾರ. ಮೇಲಿನಿಂದಲೂ ಕೆಳಗಿನಿಂದಲೂ ಬೆಳಕಿಗೆ ನೇರ ದಾರಿಯಿಲ್ಲ. ಗಾಳಿ ಮಾತ್ರ ಏರಿ ಇಳಿದು ಒಳಬರುತ್ತದೆ.

ಮರಗೆಲಸ ಮಾಡಿದವರು ನಮ್ಮ ಬೀದಿಯ ಆಚಾರಿ. ಜೇನುಪೆಟ್ಟಿಗೆ ಮಾಡುವುದರಲ್ಲಿ ಅವರದು ಪಳಗಿದ ಕೈ. ನಕ್ಷೆ ನೋಡಿದ ಕೂಡಲೇ, “ಇದಕ್ಕೆ ತಳ ಹೇಗೆ? ಗಾಳಿ ಬರಬೇಕು ಎನ್ನುತ್ತೀರಿ, ಝಳ ಬರಬಾರದು ಎನ್ನುತ್ತೀರಿ” ಎಂದು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ತಳಕ್ಕೆ ಮೂರು ಹಲಗೆಗಳು: ಎರಡು ಪಕ್ಕದವು ಕೆಳಗೆ, ನಡುವಿನದು ಒಂದು ಇಂಚು ಮೇಲೆ, ಅಂಚುಗಳು ಒಂದರ ಮೇಲೊಂದು ಹಾಯುವಂತೆ. ಸಂದಿನಿಂದ ಗಾಳಿ ಬರುತ್ತದೆ, ನೆಲ ಮಾತ್ರ ಒಳಗಿನ ಥರ್ಮಾಮೀಟರಿಗೆ ಕಾಣುವುದಿಲ್ಲ. ಮಾಡಿಗೂ ಎರಡು ಹಲಗೆ, ನಡುವೆ ಎರಡು ಬೆರಳಿನಷ್ಟು ತೆರಪು. ಮೇಲಿನ ಹಲಗೆ ಕಾದರೂ ಆ ಬಿಸಿಯನ್ನು ತೆರಪಿನ ಗಾಳಿ ಹೊತ್ತೊಯ್ಯುತ್ತದೆ.

ಚೌಕಟ್ಟಿಗೆ ಹಲಸಿನ ಮರ ಹಾಕಿದೆವು. ಕಾಲಿಗೆ ಮರ ಬೇಡವೆಂದು ಆಚಾರಿಯೇ ತಡೆದರು. ಒಣ ತಿಂಗಳಲ್ಲಿ ಗೆದ್ದಲು ತೇವ ಹುಡುಕಿಕೊಂಡು ಎಲ್ಲಿಗಾದರೂ ಏರುತ್ತದೆ ಎಂಬುದು ಅವರ ಅನುಭವ. ಕಬ್ಬಿಣದ ಆಂಗಲ್‌ಗಳನ್ನು ಕಾಂಕ್ರೀಟಿನಲ್ಲಿ ನೆಟ್ಟು, ಜೇನುಪೆಟ್ಟಿಗೆಯ ಕಾಲಿಗೆ ಮಾಡುವಂತೆಯೇ ನಡುವೆ ಗ್ರೀಸಿನ ಪಟ್ಟಿ ಬಳಿದೆವು. ಇರುವೆ ಹತ್ತಲಿಲ್ಲ. ಥರ್ಮಾಮೀಟರಿನ ಬುರುಡೆ ನೆಲದಿಂದ 1.25 ಮೀಟರಿನಷ್ಟು ಎತ್ತರಕ್ಕೆ ಬರುವಂತೆ ಕಾಲಿನ ಉದ್ದ ಹೊಂದಿಸಿದ್ದಾಯಿತು. ಕೆಳಗೆ ಹುಲ್ಲು ಇರಬೇಕು, ಸಿಮೆಂಟ್ ನೆಲ ಇರಬಾರದು. ಮಾರ್ಚಿನಲ್ಲಿ ಹುಲ್ಲು ಒಣಗಿ ಕಂದಾಗಿತ್ತು. ನೀರು ಹಾಕಿ ಹಸಿರು ಮಾಡಲಿಲ್ಲ. ಸುತ್ತಲಿನ ನೆಲ ಒಣಗಿರುವಾಗ ಪೆಟ್ಟಿಗೆಯ ಕೆಳಗಿನ ತುಂಡನ್ನು ಮಾತ್ರ ತೋಯಿಸಿದರೆ ಥರ್ಮಾಮೀಟರಿನ ಓದು ಸುಳ್ಳಾಗುತ್ತದೆ.

ಬಾಗಿಲು ಉತ್ತರಕ್ಕೆ ಇರಬೇಕು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಉತ್ತರಾರ್ಧ ಗೋಳದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ, ಬಾಗಿಲು ತೆರೆದಾಗ ಬಿಸಿಲು ಒಳಗೆ ಬೀಳಬಾರದು ಎಂಬ ಕಾರಣಕ್ಕೆ. ಮಡಿಕೇರಿ ಇರುವುದು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚಿನಲ್ಲಿ ಆ ನಿಯಮ ಸರಿಯೇ. ಆದರೆ ಏಪ್ರಿಲ್ 23ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಏಪ್ರಿಲ್ ಕೊನೆಯಿಂದ ನಡುಹಗಲಿನಲ್ಲಿ ಬಾಗಿಲು ತೆರೆಯುವುದನ್ನೇ ಬಿಡಬೇಕು. ಇಂಗ್ಲೆಂಡಿಗೆ ಬರೆದ ಕೈಪಿಡಿಯಲ್ಲಿ ಈ ಮಾತು ಇರುವುದಿಲ್ಲ. ದಕ್ಷಿಣ ಭಾರತದಲ್ಲಿ ಪೆಟ್ಟಿಗೆ ಕಟ್ಟುವವರು ನೆನಪಿಡಬೇಕು.

ಒಳಗೂ ಹೊರಗೂ ಬಿಳಿ ಎನಾಮಲ್ ಬಣ್ಣ, ಮೂರು ಕೋಟು. ಪಟ್ಟಿಗಳ ಸಂದಿಗೆ ಬ್ರಷ್ ಹೋಗದ ಕಡೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಬಳಿಯಬೇಕು. ಬೇಸರದ ಕೆಲಸ, ಆದರೆ ಬಿಟ್ಟ ಜಾಗವೆಲ್ಲ ಬಿಸಿಲು ಹೀರುತ್ತದೆ.

ಪೆಟ್ಟಿಗೆ ನಿಲ್ಲಿಸಿದ ಮೇಲೆ ಒಂದು ಮಧ್ಯಾಹ್ನ ತಗಡಿನ ಮಾಡು ಇರುವ ನಮ್ಮ ಜಗುಲಿಯ ಥರ್ಮಾಮೀಟರ್ 36 ತೋರಿಸುತ್ತಿದ್ದಾಗ ಪೆಟ್ಟಿಗೆಯದು 32 ದಾಟಿರಲಿಲ್ಲ. ನಾಲ್ಕು ಡಿಗ್ರಿ! ಹವಾಮಾನ ಇಲಾಖೆಯ ಬಿಸಿಗಾಳಿಯ ಅಳತೆಗೋಲಿಗೆ ಹತ್ತಿರವಾದ ವ್ಯತ್ಯಾಸವನ್ನು ನಮ್ಮ ತಗಡಿನ ಮಾಡೊಂದೇ ಸೃಷ್ಟಿಸುತ್ತಿತ್ತು. “ಮಡಿಕೇರಿಯಲ್ಲೂ 36” ಎಂದು ಜಗುಲಿಯ ಅಂಕಿ ಹಿಡಿದು ಹೇಳಿದರೆ ಅದು ಮಡಿಕೇರಿಯ ಗಾಳಿಯ ಸುದ್ದಿಯಲ್ಲ. ಹಾಗೆಂದು ಸೆಕೆ ಸುಳ್ಳು ಎಂದಲ್ಲ. ಜಗುಲಿಯಲ್ಲಿ ಕುಳಿತವರಿಗೆ ಆ 36 ಮೈಮೇಲಿನ ನಿಜ. ಊರನ್ನು ಊರಿನೊಂದಿಗೆ, ವರ್ಷವನ್ನು ವರ್ಷದೊಂದಿಗೆ ಹೋಲಿಸಬೇಕಾದರೆ ಮಾತ್ರ ಪೆಟ್ಟಿಗೆಯ 32 ಬೇಕು.

ಥರ್ಮಾಮೀಟರುಗಳ ಪರೀಕ್ಷೆ

ಒಳಗೆ ನಾಲ್ಕು ಥರ್ಮಾಮೀಟರುಗಳಿವೆ. ಗರಿಷ್ಠ-ಕನಿಷ್ಠ ತೋರಿಸುವ ಯು ಆಕಾರದ್ದು ಒಂದು, ಪ್ರಯೋಗಾಲಯದ ಗಾಜಿನವು ಎರಡು, ಎಸ್‌ಎಚ್‌ಟಿ31 ಎಂಬ ಸಣ್ಣ ಎಲೆಕ್ಟ್ರಾನಿಕ್ ಸೆನ್ಸರ್ ಒಂದು. ಸೆನ್ಸರಿನ ವಿಷಯದಲ್ಲಿ ಒಂದೇ ಮಾತು: ಅದನ್ನು ನಡೆಸುವ ಬೋರ್ಡನ್ನು ಪೆಟ್ಟಿಗೆಯ ಹೊರಗಿಟ್ಟು ತಂತಿಯಿಂದ ಜೋಡಿಸಿ, ಏಕೆಂದರೆ ಬೋರ್ಡ್ ತಾನೇ ಬಿಸಿಯಾಗುತ್ತದೆ.

ಗಾಜಿನವನ್ನು ಪರೀಕ್ಷಿಸಲು ಪುಡಿ ಮಾಡಿದ ಮಂಜುಗಡ್ಡೆ ಮತ್ತು ಸ್ವಲ್ಪ ನೀರು ಸಾಕು. ಫ್ಲಾಸ್ಕಿನಲ್ಲಿ ಮಂಜಿನ ಪುಡಿ ತುಂಬಿ, ಕೆಸರಿನ ಹದಕ್ಕೆ ಬರುವಷ್ಟೇ ನೀರು ಸೇರಿಸಿ, ಬುರುಡೆ ಮುಳುಗಿಸಿ ಕಾಲು ಗಂಟೆ ಬಿಡಬೇಕು. ಒಂದು ಸೊನ್ನೆಯಲ್ಲಿ ನಿಂತಿತು, ಇನ್ನೊಂದು ಅರ್ಧ ಡಿಗ್ರಿ ಮೇಲೆ. ಅದರ ಕತ್ತಿಗೆ “ಅರ್ಧ ಕಳೆ” ಎಂದು ಬರೆದ ಚೀಟಿ ಕಟ್ಟಿದ್ದೇನೆ. ಕುದಿಯುವ ನೀರಿನಲ್ಲಿ 100 ಡಿಗ್ರಿ ಪರೀಕ್ಷಿಸುವ ಶಾಲೆಯ ಪಾಠ ಮಾತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರ್ 96 ತೋರಿಸಿತೆಂದು ಅಂಗಡಿಗೆ ಹಿಂದಿರುಗಿಸಬೇಡಿ.

ಒದ್ದೆ ಬಟ್ಟೆ

ಶುಷ್ಕತೆಯನ್ನು ಅಳೆಯುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಎರಡು ಥರ್ಮಾಮೀಟರುಗಳಲ್ಲಿ ಒಂದರ ಬುರುಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಅದರ ಬಾಲವನ್ನು ಕೆಳಗಿನ ನೀರಿನ ಶೀಶೆಗೆ ಇಳಿಬಿಡಬೇಕು. ನೀರು ಆವಿಯಾಗುವಾಗ ಬುರುಡೆ ತಣಿಯುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಬೇಗ ಆವಿ, ಅಷ್ಟು ಹೆಚ್ಚು ತಣಿವು. ಜುಲೈಯ ಮಂಜಿನಲ್ಲಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ಮಾರ್ಚಿನ ಮಧ್ಯಾಹ್ನ ಅವೆರಡರ ನಡುವೆ ಹನ್ನೆರಡು ಡಿಗ್ರಿ ಅಂತರ ಕಂಡಿತು: ಒಣಗಿದ್ದು 32, ಒದ್ದೆಯದು 20.

ಬಟ್ಟೆ ಹಳೆಯ ಪಂಚೆಯದು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಏರುವುದಿಲ್ಲ. ಹಳೆಯದನ್ನೂ ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ, ಕೈಯ ಜಿಡ್ಡು ತಾಗದಂತೆ ಕಟ್ಟಬೇಕು. ನೀರು ಬಟ್ಟಿ ಇಳಿಸಿದ್ದೇ ಆಗಬೇಕು. ನಲ್ಲಿಯ ನೀರಿನ ಉಪ್ಪು ಬಟ್ಟೆಯ ಮೇಲೆ ಪದರ ಕಟ್ಟುತ್ತದೆ. ಮಳೆಗಾಲವಾಗಿದ್ದರೆ ಮಳೆನೀರು ಹಿಡಿದರೆ ಆಯಿತು. ಈ ತಿಂಗಳು ಅದೇ ಇಲ್ಲವಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಡಬ್ಬಿ ತಂದೆ.

ಎರಡು ಓದುಗಳಿಂದ ಸಾಪೇಕ್ಷ ಆರ್ದ್ರತೆ ತೆಗೆಯುವ ಕೋಷ್ಟಕಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಸಮುದ್ರಮಟ್ಟಕ್ಕೆ ಮಾಡಿದವು. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಸುಮಾರು 885 ಹೆಕ್ಟೊಪಾಸ್ಕಲ್. ಲೆಕ್ಕ ಹೀಗೆ: ಎರಡರ ಅಂತರ 12, ಅದನ್ನು 885ರಿಂದಲೂ ಪೆಟ್ಟಿಗೆಯ ಸಹಜ ಗಾಳಿಗೆ ಅನ್ವಯಿಸುವ ಗುಣಾಂಕ 0.0008ರಿಂದಲೂ ಗುಣಿಸಿದರೆ 8.5. ಇಪ್ಪತ್ತು ಡಿಗ್ರಿಯಲ್ಲಿ ಗಾಳಿ ಹಿಡಿಯಬಹುದಾದ ಗರಿಷ್ಠ ಆವಿಯ ಒತ್ತಡ 23.4, ಅದರಿಂದ 8.5 ಕಳೆದರೆ 14.9. ಮೂವತ್ತೆರಡು ಡಿಗ್ರಿಗೆ ಆ ಗರಿಷ್ಠ 47.6. ಹದಿನಾಲ್ಕು ಚಿಲ್ಲರೆಯನ್ನು ನಲವತ್ತೇಳು ಚಿಲ್ಲರೆಯಿಂದ ಭಾಗಿಸಿದರೆ ಶೇಕಡ 31. ಸಮುದ್ರಮಟ್ಟದ ಕೋಷ್ಟಕ ಹಿಡಿದಿದ್ದರೆ 29 ಎಂದು ಬರುತ್ತಿತ್ತು. ಎತ್ತರ ಹೆಚ್ಚಿದಂತೆ, ಗಾಳಿ ಒಣಗಿದಂತೆ ಈ ತಪ್ಪು ಬೆಳೆಯುತ್ತದೆ. ನಮ್ಮ ಒತ್ತಡಕ್ಕೆ ಹೊಂದುವ ಕೋಷ್ಟಕವನ್ನು ಕಂಪ್ಯೂಟರಿನಲ್ಲಿ ಹಾಕಿ, ಮುದ್ರಿಸಿ, ಬಾಗಿಲ ಒಳಬದಿಗೆ ಅಂಟಿಸಿದ್ದೇನೆ.

ಒಣ ತಿಂಗಳ ಇನ್ನೊಂದು ಗುರುತು ರಾತ್ರಿಯಲ್ಲಿ ಸಿಗುತ್ತದೆ. ಆವಿಯೂ ಮೋಡವೂ ಇಲ್ಲದ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಹಗಲು 32 ಏರಿದ್ದು ಬೆಳಗಿನ ಜಾವಕ್ಕೆ 17ಕ್ಕೆ ಇಳಿದಿರುತ್ತದೆ. “ರಾತ್ರಿ ಚಳಿ ಇದೆಯಲ್ಲ, ಸೆಕೆ ಎಲ್ಲಿ?” ಎಂದು ಪಕ್ಕದ ಮನೆಯ ದೊಡ್ಡಪ್ಪ ಕೇಳಿದರು. ಗರಿಷ್ಠ-ಕನಿಷ್ಠ ಎರಡನ್ನೂ ಬರೆದು ನಡುವಿನ ಅಂತರ ನೋಡಿದರೆ ಆ ಚಳಿಯೇ ಶುಷ್ಕತೆಯ ಸಾಕ್ಷಿ ಎಂದು ತಿಳಿಯುತ್ತದೆ. ತಿಂಗಳ ಕೊನೆಗೆ ಮೋಡ ಕಟ್ಟತೊಡಗಿದಾಗ ಹಗಲಿನ ಅಂಕಿ ಹೆಚ್ಚು ಇಳಿಯದಿದ್ದರೂ ರಾತ್ರಿಯ ಅಂಕಿ ಮೇಲೇರಿತು. ಮಳೆ ಹತ್ತಿರವಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಆ ರಾತ್ರಿಯ ಅಂಕಿಯಿಂದಲೇ.

ಬೋಗುಣಿ

ಮಳೆ ಬಾರದ ದಿನಗಳಲ್ಲಿ ನೆಲದಿಂದ ನೀರು ಹೋಗುತ್ತಲೇ ಇರುತ್ತದೆ. ಹವಾಮಾನ ಕೇಂದ್ರಗಳಲ್ಲಿ ಇದನ್ನು ಅಳೆಯಲು ನಾಲ್ಕು ಅಡಿ ಅಗಲದ ಲೋಹದ ತೊಟ್ಟಿ ಇರುತ್ತದೆ. ನಾನು ಇಟ್ಟದ್ದು 45 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಬೋಗುಣಿ, ಮರದ ಹಲಗೆಯ ಮೇಲೆ. ಒಳಗೆ ತುದಿ ಮೇಲ್ಮುಖವಾಗಿ ನಿಂತ ಒಂದು ಮೊಳೆ. ದಿನವೂ ಬೆಳಿಗ್ಗೆ ನೀರು ಮೊಳೆಯ ತುದಿ ಮುಟ್ಟುವವರೆಗೆ ಅಳತೆ ಜಾಡಿಯಿಂದ ತುಂಬಬೇಕು. ಈ ಬೋಗುಣಿಯಲ್ಲಿ ಒಂದು ಮಿಲಿಮೀಟರ್ ಎಂದರೆ 159 ಮಿಲಿಲೀಟರ್. ಬಿರುಬಿಸಿಲಿನ ದಿನಗಳಲ್ಲಿ ಲೀಟರಿನ ಹತ್ತಿರ ನೀರು ಬೇಡುತ್ತಿತ್ತು. ಸಣ್ಣ ಬೋಗುಣಿಯ ಗೋಡೆ ಬೇಗ ಕಾಯುವುದರಿಂದ ಈ ಅಂಕಿ ದೊಡ್ಡ ತೊಟ್ಟಿಯದಕ್ಕಿಂತ ಹೆಚ್ಚು. ಒಂದು ದಿನವನ್ನು ಇನ್ನೊಂದು ದಿನದೊಂದಿಗೆ ಹೋಲಿಸಲು ಮಾತ್ರ ಬಳಸುತ್ತೇನೆ.

ಕಾಫಿಯವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ 4047 ಲೀಟರ್. ಹೂಮಳೆಗೆ ಬೇಕಾದ ಒಂದು ಇಂಚನ್ನು ಸ್ಪ್ರಿಂಕ್ಲರ್‌ನಿಂದ ಕೊಡಹೊರಟರೆ ಎಕರೆಗೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ಫೆಬ್ರವರಿ-ಮಾರ್ಚಿನಲ್ಲಿ ಆ ಒಂದು ಇಂಚು ಆಕಾಶದಿಂದ ಬಂದರೆ ಎಂಟು-ಹತ್ತು ದಿನಗಳಲ್ಲಿ ಗಿಡ ಬೆಳ್ಳಗೆ ಅರಳುತ್ತದೆ. ಬಾರದಿದ್ದರೆ ಕೆರೆಯಲ್ಲಿ ನೀರಿದ್ದವರು ಪಂಪ್ ಹಾಕುತ್ತಾರೆ, ಇಲ್ಲದವರು ಮೊಗ್ಗು ಒಣಗುವುದನ್ನು ನೋಡುತ್ತಾರೆ. ಹೂ ಕಟ್ಟಿದ ಮೇಲೆ ಎರಡು-ಮೂರು ವಾರದೊಳಗೆ, ಕಾಯಿ ಕಟ್ಟಲು ನೆರವಾಗುವ ಬ್ಯಾಕಿಂಗ್ ಮಳೆಯೂ ಬೇಕು. ಈ ಎರಡು ಮಳೆಗಳ ನಡುವಿನ ಒಣ ದಿನಗಳು ಎಷ್ಟು, ಆ ದಿನಗಳಲ್ಲಿ ಎಷ್ಟು ಆವಿಯಾಯಿತು ಎಂಬುದು ಇಳುವರಿಯ ಪ್ರಶ್ನೆ. ಅಂಥ ಲೆಕ್ಕವನ್ನು ಅಜ್ಜನ ಪುಸ್ತಕದಿಂದ ತೆಗೆಯಲು ಸಾಧ್ಯವಾಗದ್ದು ನನಗೆ ನಿಜಕ್ಕೂ ನೋವು ತರುತ್ತದೆ.

ಬೋಗುಣಿ ಇಟ್ಟ ಮರುದಿನವೇ ಕೆಂಪು ಮೀಸೆಯ ಪಿಕಳಾರಗಳು ಅಂಚಿನ ಮೇಲೆ ಕುಳಿತು ನೀರು ಕುಡಿಯತೊಡಗಿದವು, ಆಮೇಲೆ ಒಳಗಿಳಿದು ಮಿಂದವು. ತಂತಿಬಲೆ ಮುಚ್ಚಬೇಕಾಯಿತು. ಹವಾಮಾನ ಇಲಾಖೆಯ ತೊಟ್ಟಿಗಳಿಗೂ ಬಲೆ ಇರುವುದು ಇದೇ ಕಾರಣಕ್ಕೆ. ತುಡುವೆ ಜೇನುಹುಳುಗಳು ಬಲೆಗೆ ಬಗ್ಗಲಿಲ್ಲ. ಅವು ಇನ್ನೊಂದು ದಾರಿ ಕಂಡುಕೊಂಡವು: ಪೆಟ್ಟಿಗೆಯ ಪಟ್ಟಿಗಳ ನಡುವೆ ನುಸುಳಿ, ಒದ್ದೆ ಬಟ್ಟೆಯ ಬಾಲದ ಮೇಲೆ ಸಾಲಾಗಿ ಕುಳಿತು, ನಾಲಗೆ ಚಾಚಿ ನೀರು ಹೀರುತ್ತಿದ್ದವು. ಹೊಟ್ಟೆ ಮೇಲೆ ಕೆಳಗೆ ಆಡುವುದು ಹತ್ತಿರದಿಂದ ಕಾಣುತ್ತಿತ್ತು. ಬೇಲಿಯ ಪಕ್ಕ ಮಣ್ಣಿನ ತಟ್ಟೆಯಲ್ಲಿ ನೀರು ತುಂಬಿ, ಹುಳುಗಳು ಮುಳುಗದಂತೆ ಬೆಣಚುಕಲ್ಲು ಜೋಡಿಸಿ ಇಟ್ಟೆ. ಹಕ್ಕಿಗಳಿಗೆ ಬೇರೊಂದು ತಟ್ಟೆ. ಜೇನುಹುಳುಗಳು ಪೆಟ್ಟಿಗೆಗೆ ಬರುವುದು ನಿಂತಿತು. ಮಡಿಕೇರಿಗೆ ನೀರು ಕೊಡುವ ಕೂಟುಹೊಳೆಯಲ್ಲೇ ನೀರು ಇಳಿಯುವ ಕಾಲ ಅದು. ನಲ್ಲಿ ಬರುವ ದಿನ ನೋಡಿಕೊಂಡು ತಟ್ಟೆಗಳಿಗೆ ನೀರು ಎತ್ತಿಡಬೇಕಾಗುತ್ತಿತ್ತು.

ಪುಸ್ತಕ

ಓದುವ ಹೊತ್ತು ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅದೇ ಹೊತ್ತು ಹಿಡಿದರೆ ನಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳೂ ಇವೆ, ಅವುಗಳೊಂದಿಗೂ ಹೋಲಿಸುತ್ತೇನೆ.

ಪುಟದಲ್ಲಿ ಮಳೆಯ ಕಾಲಂ ಎಂದೂ ಖಾಲಿ ಬಿಡುವುದಿಲ್ಲ. ನೋಡಿ ಮಳೆಯಿಲ್ಲದಿದ್ದರೆ 0. ನೋಡಲಾಗದಿದ್ದರೆ ಅಡ್ಡಗೆರೆ. ಹನಿ ಬಿದ್ದು ಆಲಿಕೆ ಒದ್ದೆಯಾಗಿ ಅಳೆಯಲು ಸಿಗದಿದ್ದರೆ “ಹನಿ” ಎಂದು ಬರೆಯುವುದು. ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್, ಅಂದರೆ ಸುಮಾರು ಹತ್ತು ಸೆಂಟ್, ಬಿದ್ದರೆ ಮಾತ್ರ ಅದು ಮಳೆ ದಿನ. ಅದಕ್ಕಿಂತ ಕಡಿಮೆ ಬಿದ್ದದ್ದನ್ನೂ ಬಿಡದೆ ಬರೆಯಬೇಕು, ಏಕೆಂದರೆ ಮೂರು ಸೆಂಟಿನ ಹನಿ ಕಾಫಿ ಮೊಗ್ಗಿಗೆ ಒಳ್ಳೆಯದಲ್ಲ. ಅರೆಬರೆ ನೀರು ತಾಗಿದ ಮೊಗ್ಗು ಸರಿಯಾಗಿ ಅರಳುವುದಿಲ್ಲ ಎಂಬುದು ಎಲ್ಲ ಬೆಳೆಗಾರರೂ ಬಲ್ಲ ಮಾತು.

ತಿಂಗಳಿಡೀ ಸೊನ್ನೆಗಳು ಒಂದರ ಕೆಳಗೊಂದು ಇಳಿದವು. ಪ್ರತಿ ಸೊನ್ನೆಯ ಪಕ್ಕದಲ್ಲೂ ಗರಿಷ್ಠ, ಕನಿಷ್ಠ, ಒಣ, ಒದ್ದೆ, ಬೋಗುಣಿಯ ನೀರು ಇವೆ. ಈ ಪುಟವನ್ನು ಖಾಲಿ ಎನ್ನಲು ಯಾರಿಗೂ ಸಾಧ್ಯವಿಲ್ಲ.

ರೇವತಿ ಮಳೆ ಹಿಡಿದ ಮೇಲೆ ಒಂದು ಸಂಜೆ ಪೂರ್ವದಿಂದ ಗುಡುಗು ಬಂದು ನಲವತ್ತು ನಿಮಿಷ ಸುರಿಯಿತು. ಬೆಳಿಗ್ಗೆ ಬಾಟಲಿಯಲ್ಲಿ 205 ಮಿಲಿಲೀಟರ್, ಅಂದರೆ 16 ಮಿಲಿಮೀಟರ್, ಅರವತ್ತನಾಲ್ಕು ಸೆಂಟ್. ಬೋಗುಣಿಯಲ್ಲಿ ಮೊಳೆ ಮುಳುಗಿತ್ತು. ಹೆಚ್ಚಾದ ನೀರನ್ನು ತೆಗೆದು ಅಳೆದು, ಮಳೆಯಷ್ಟನ್ನು ಲೆಕ್ಕದಲ್ಲಿ ಹೊಂದಿಸಿದ ಮೇಲೆ ಅಂದಿನ ಆವಿ ಎರಡು ಮಿಲಿಮೀಟರಿಗೂ ಕಡಿಮೆ ಬಂತು. ಒಣ ಮತ್ತು ಒದ್ದೆ ಥರ್ಮಾಮೀಟರುಗಳ ಅಂತರ ಒಂದು ಡಿಗ್ರಿ.

ಜೂನ್‌ಗೆ ಮೊದಲು ಮುಗಿಸಬೇಕಾದ ಕೆಲಸ ಒಂದಿದೆ. ಅಜ್ಜನ ಬಾಟಲಿ ಹಿಡಿಯುವುದು 1.3 ಲೀಟರ್, ಎಂದರೆ ನೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಮಡಿಕೇರಿಯ ಜುಲೈಯಲ್ಲಿ ಒಂದೇ ದಿನ ಅದನ್ನು ಮೀರುವುದುಂಟು. ಬಾಟಲಿ ತುಂಬಿ ಹೊರಚೆಲ್ಲಿದ ನೀರು ಹೊರಗಿನ ತಾಮ್ರದ ಕೊಳವೆಯಲ್ಲಿಯೇ ನಿಲ್ಲುವಂತೆ ಅದರ ತಳದ ಸುತ್ತಲೂ ಬೆಸುಗೆ ಹಾಕಿಸಬೇಕು. ಕಲಾಯಿ ಹಾಕುವ ಹಿರಿಯರು ವಿಷು ಕಳೆದ ಮೇಲೆ ತಂದುಕೊಡಿ ಎಂದಿದ್ದಾರೆ. ಆಗ ಅಂಚಿನ ಮಟ್ಟವನ್ನೂ ಮತ್ತೊಮ್ಮೆ ನೋಡಿಸಬೇಕು.